ಅಕ್ಷರಕ್ಕೆ ಮೊದಲು ಮಾತು

ಶರಾವತಿಯ ಹಿನ್ನೀರಿನ ಅಂಚಿನ ಹೊನ್ನೆಮರಡಿನಂಥ ಮಲೆನಾಡ ಊರುಗಳಲ್ಲಿ ಮನೆಯಿಂದ ಮನೆಗೆ ದೂರ. ಓರಗೆಯ ಮಕ್ಕಳು ಜೊತೆಗಿಲ್ಲದಾಗ, ತಮ್ಮ ಮಗು ಮಾತಿನಲ್ಲಿ ಹಿಂದೆ ಬಿದ್ದಿದೆಯೆಂದು ತಾಯಿತಂದೆಗಳಿಗೆ ಬೇಗ ತಿಳಿಯದು. ಮೂರನೆಯ ತರಗತಿಯಲ್ಲಿ ತಿಳಿಯುವ ಹೊತ್ತಿಗೆ ಮಗುವಿಗೆ 'ದಡ್ಡ' ಎಂಬ ಹೆಸರು ಅಂಟಿರುತ್ತದೆ.

ಓದಿನ ತೊಡಕಿನ ಸುಳಿವು ಅನೇಕ ವೇಳೆ ಪುಸ್ತಕ ಹಿಡಿಯುವ ಮೊದಲೇ, ಮಾತಿನಲ್ಲಿ ಕಾಣುತ್ತದೆ. ಎರಡು ವರ್ಷ ತುಂಬಿದ ಮಗು 'ಅಮ್ಮ ಬಾ' ಎಂದು ಎರಡು ಪದ ಕೂಡಿಸುತ್ತದೆಯೆ? ಬೆನ್ನ ಹಿಂದಿನಿಂದ ಮೆಲ್ಲನೆ ಕರೆದರೆ ತಿರುಗುತ್ತದೆಯೆ? ಐದರ ಮಗು ದಿನವೂ ಕಾಣುವ ವಸ್ತುಗಳ ಹೆಸರನ್ನು ತಡವರಿಸದೆ ಹೇಳುತ್ತದೆಯೆ? ಕೇಳಿದ ಪುಟ್ಟ ಕತೆಯನ್ನು ತಿರುಗಿ ಹೇಳಬಲ್ಲುದೆ?

ಒಂದು ಆಟವನ್ನೂ ಆಡಿಸಿ ನೋಡಿ. ಪದವನ್ನು ಬಿಡಿಸಿ ಹೇಳುತ್ತ ಚಪ್ಪಾಳೆ ತಟ್ಟಬೇಕು: 'ದೋಣಿ'ಗೆ ಎರಡು, 'ಹೊನ್ನೆಮರಡು'ವಿಗೆ ಐದು. ಕನ್ನಡದ ಅಕ್ಷರಗಳು ಗುರುತಿಸುವುದು ಬಹುಮಟ್ಟಿಗೆ ಈ ತುಂಡುಗಳನ್ನೇ. ಹಲವು ದಿನ ಆಡಿದರೂ ತುಂಡುಗಳು ಕಿವಿಗೆ ಸಿಕ್ಕದ ಮಗುವಿಗೆ ಅಕ್ಷರ ಕಲಿಯುವುದು ಕಷ್ಟವಾದೀತು.

ಹಾಗೆಂದು ಆತುರವೂ ಸಲ್ಲದು. ಕಾಗುಣಿತ, ಒತ್ತಕ್ಷರ ಸೇರಿದರೆ ನಮ್ಮ ಮಕ್ಕಳು ಕಲಿಯತಕ್ಕ ರೂಪಗಳು ನೂರಾರು. ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೆಯ ತರಗತಿಯಲ್ಲೂ ಬೆಳೆಯುತ್ತಲೇ ಇರುತ್ತದೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆದ್ದರಿಂದ ಒಂದನೆಯ ತರಗತಿಯವನು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ. ವರ್ಷವಿಡೀ ಕಲಿತರೂ ಮೂಲಾಕ್ಷರಗಳೇ ನಿಲ್ಲದಿದ್ದರೆ ಗಮನ ಕೊಡಬೇಕು.

ಮನೆಮಾತನ್ನೂ ಮರೆಯಬಾರದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಹವ್ಯಕ ಕನ್ನಡವುಂಟು, ಕೊಂಕಣಿಯುಂಟು, ಉರ್ದುವುಂಟು. ಪುಸ್ತಕದ ಕನ್ನಡ ಬಾರದಿರುವುದು ದೋಷವಲ್ಲ. ಮನೆಮಾತಿನಲ್ಲಿಯೇ ತಡವರಿಕೆಯಿದ್ದರೆ ಮಾತ್ರ ಅದು ಸುಳಿವು.

ಇಂಥ ಸುಳಿವು ಕಂಡರೆ ಮೊದಲು ಮಗುವಿನ ಕಿವಿ, ಕಣ್ಣುಗಳನ್ನು ಪರೀಕ್ಷೆ ಮಾಡಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲಾಮಕ್ಕಳನ್ನು ಒಂದು ಬಾರಿ ನೋಡತಕ್ಕದ್ದು. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಕೇಳಿ ತಿಳಿದು, ಆ ದಿನ ಮಗುವನ್ನು ತಪ್ಪದೆ ಕಳುಹಿಸಿ. ನೀವು ಕಂಡದ್ದನ್ನು ಬಾಯಿಬಿಟ್ಟು ಹೇಳಿ. ಕೆಲವು ನಿಮಿಷಗಳ ಪರೀಕ್ಷೆಯಲ್ಲಿ ಕಾಣದ್ದು ತಾಯಿಗೆ ಕಂಡಿರುತ್ತದೆ.

ಸುಳಿವೆಂಬುದು ತೀರ್ಪಲ್ಲ. ತಡವಾಗಿ ಮಾತು ಕಲಿತು ಮುಂದೆ ಚೆನ್ನಾಗಿ ಓದಿದ ಮಕ್ಕಳು ಬಹಳ. ಆದರೆ ಕತೆ, ಹಾಡು, ಒಗಟು, ಮಾತುಕತೆಗಳಿಂದ ಯಾವ ಮಗುವಿಗೂ ಕೇಡಿಲ್ಲ. ತೊಡಕಿರುವ ಮಗುವಿಗಂತೂ ಅದೇ ಮೊದಲ ಊರೆಗೋಲು.