ನದಿಯೇ ಗಣಿ, ನೀರೇ ಶಿಲೆ

ಕಲ್ಲಿನಲ್ಲಿ ಕಂಡರಿಸುವ ಶಿಲ್ಪಿಗೆ ತನ್ನ ಕೃತಿ ಶತಮಾನಗಳವರೆಗೆ ಬಾಳೀತೆಂಬ ಭರವಸೆಯುಂಟು. ಮಂಜುಗಡ್ಡೆಯಲ್ಲಿ ಕಂಡರಿಸುವವನಿಗೆ ಎರಡು ತಿಂಗಳ ಭರವಸೆಯೇ ಹೆಚ್ಚು. ಆದರೂ ಚೀನದ ಈಶಾನ್ಯ ಮೂಲೆಯಲ್ಲಿರುವ ಹಾರ್ಬಿನ್ ನಗರದಲ್ಲಿ ಪ್ರತಿವರ್ಷವೂ ಮಂಜುಗಡ್ಡೆಯ ಗೋಪುರಗಳು, ಸೇತುವೆಗಳು, ಕೋಟೆಕೊತ್ತಲಗಳು ತಲೆಯೆತ್ತುತ್ತವೆ. ಅವುಗಳಲ್ಲಿ ಕೆಲವು ನಲವತ್ತು ಮೀಟರ್ ಎತ್ತರವನ್ನೂ ಮೀರಿದ್ದುಂಟು. ಇರುಳಾಗಿ ಅವುಗಳ ಒಡಲಲ್ಲಿ ಬಣ್ಣದ ದೀಪಗಳು ಹೊತ್ತಿಕೊಂಡಾಗ ನೋಡುವವರು ಚಳಿಯನ್ನೇ ಮರೆಯುತ್ತಾರೆ. ಆದರೆ ಇಷ್ಟೊಂದು ಮಂಜುಗಡ್ಡೆ ಬಂದುದೆಲ್ಲಿಂದ, ತಂದವರು ಯಾರು ಎಂದು ಕೇಳುವವರು ವಿರಳ.

ಉತ್ತರವಿರುವುದು ನಗರವನ್ನು ತಾಗಿಕೊಂಡೇ ಸಾಗುವ ಸೊಂಗ್‌ಹುವಾ ನದಿಯಲ್ಲಿ. ಸುಂಗಾರಿ ಎಂಬುದು ಇದರ ಇನ್ನೊಂದು ಹೆಸರು. ಸೈಬೀರಿಯದ ಕಡೆಯಿಂದ ಶೀತಮಾರುತ ಬೀಸತೊಡಗಿದೊಡನೆ ನದಿಯ ಮೇಲ್ಮೈ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಹೊತ್ತಿಗೆ ಆ ಹೆಪ್ಪು ಆಳುಗಳ ಭಾರವನ್ನೂ ಯಂತ್ರಗಳ ಭಾರವನ್ನೂ ತಾಳುವಷ್ಟು ದಪ್ಪವಾಗುತ್ತದೆ. ಆಗ ಶುರು ಈ ವಿಚಿತ್ರ ಗಣಿಗಾರಿಕೆ.

ಇದರ ಕಾರ್ಮಿಕರಲ್ಲಿ ಸುತ್ತಲಿನ ಹಳ್ಳಿಗಳ ರೈತರೂ ಕಟ್ಟಡದ ಕೆಲಸಗಾರರೂ ಅನೇಕರು. ಹೊಲ ಹೆಪ್ಪುಗಟ್ಟಿ, ಗಾರೆ ಕಲಸಲಾಗದೆ ಉಳಿದ ದುಡಿಮೆಯೆಲ್ಲ ನಿಂತಾಗ ಇವರಿಗೆ ಅನ್ನ ಕೊಡುವುದು ಅದೇ ಚಳಿ! ಮೊದಲು ಮೇಲಿನ ಹಿಮವನ್ನು ಗುಡಿಸಿ ಸಾಲುಗೆರೆ ಎಳೆಯುತ್ತಾರೆ. ಗೆರೆಯ ಮೇಲೆ ಯಂತ್ರದ ಗರಗಸ ಹರಿಯುತ್ತದೆ. ಆದರೆ ತಳದವರೆಗೂ ಕೊಯ್ಯುವುದಿಲ್ಲ. ಪೂರ್ತಿ ಕೊಯ್ದರೆ ಕೆಳಗಿನ ನೀರು ಸೀಳಿನೊಳಗೆ ಏರಿ ಮತ್ತೆ ಹೆಪ್ಪುಗಟ್ಟಿ ಬೆಸೆದುಬಿಡುತ್ತದೆ. ಉಳಿದ ತೆಳುವಾದ ಅಂಚನ್ನು ಒಡೆಯುವುದು ಮನುಷ್ಯರ ತೋಳು. ಹಲವರು ಸಾಲಾಗಿ ನಿಂತು ಮೊನಚಾದ ಕಬ್ಬಿಣದ ಹಾರೆಗಳನ್ನು ಒಂದೇ ಲಯದಲ್ಲಿ ಸೀಳಿಗಿಳಿಸುತ್ತಾರೆ. ಚಟ್ಟೆಂದು ಸದ್ದಾಗಿ ಚಪ್ಪಡಿ ಬೇರ್ಪಟ್ಟು ಕರಿಯ ನೀರಿನಲ್ಲಿ ತೇಲುತ್ತದೆ. ಉದ್ದನೆಯ ಕೊಕ್ಕೆಗಳಿಂದ ಅದನ್ನು ದಡಕ್ಕೆಳೆದು ಲಾರಿಗೇರಿಸಬೇಕು. ಒಂದು ಘನ ಮೀಟರ್ ಮಂಜುಗಡ್ಡೆಯ ತೂಕ ಸುಮಾರು 917 ಕಿಲೋಗ್ರಾಂ. ಕಾಲಡಿಯ ನೆಲವೋ ಜಾರುಬಂಡೆ. ಒಂದು ಹೆಜ್ಜೆ ತಪ್ಪಿದರೆ ಪಕ್ಕದಲ್ಲೇ ನದಿಯ ಬಾಯಿ.

ಇಷ್ಟು ಪಾಡು ಪಟ್ಟು ನದಿಯನ್ನೇ ಕೊರೆಯಬೇಕೆ? ಕೊರೆಯಲು ಕಾರಣವಿದೆ. ಮನೆಯ ಶೀತಕಪೆಟ್ಟಿಗೆಯ ಬಟ್ಟಲಲ್ಲಿ ನೀರು ಎಲ್ಲ ಕಡೆಯಿಂದಲೂ ಗಟ್ಟಿಯಾಗುವುದರಿಂದ ಗಾಳಿ ನಡುವೆ ಸಿಕ್ಕಿಬಿದ್ದು ಗಡ್ಡೆಯ ಗರ್ಭ ಬೆಳ್ಳಗಾಗುತ್ತದೆ. ನದಿಯಲ್ಲಿ ಹೆಪ್ಪು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುತ್ತ ಗಾಳಿಯನ್ನೂ ಲವಣವನ್ನೂ ಕೆಳಗಿನ ನೀರಿಗೆ ನೂಕುತ್ತದೆ. ಹರಿವು ಅವನ್ನು ಒಯ್ಯುತ್ತದೆ. ಉಳಿಯುವುದು ಒಳಗಿನ ದೀಪವನ್ನು ಹೊರಗೆ ಬಿಡುವ ನೀಲಿ ಛಾಯೆಯ ಗಡ್ಡೆ. ಬೇರೆಡೆಯ ಶಿಲ್ಪಿಗಳು ಬಳಸುವ ಯಂತ್ರವೂ ಇದನ್ನೇ ತಲೆಕೆಳಗಾಗಿ ಅನುಕರಿಸುತ್ತದೆ. ಅಲ್ಲಿ ಹೆಪ್ಪು ತಳದಿಂದ ಮೇಲೇರುತ್ತದೆ, ಮೇಲಿನ ನೀರನ್ನು ಪಂಪು ಕದಡುತ್ತಿರುತ್ತದೆ. ಮುನ್ನೂರು ಪೌಂಡಿನ ಒಂದು ಗಡ್ಡೆಗೆ ಸುಮಾರು ಮೂರು ದಿನ!

ಹಾರ್ಬಿನ್ನಿನಲ್ಲಿ ಗಾರೆಯೂ ನೀರೇ. ಗಡ್ಡೆಯ ಮೇಲೆ ಗಡ್ಡೆಯಿಟ್ಟು ಸಂದಿಗೆ ನೀರೆರೆದರೆ ಬೆಸುಗೆಯಾಯಿತು. ಅನಂತರ ಗರಗಸ, ಉಳಿಗಳು ಬರುತ್ತವೆ. ಚಳಿ ಅತಿಯಾದರೆ ಮಂಜುಗಡ್ಡೆ ಗಾಜಿನಂತೆ ಪೆಡಸಾಗಿ, ಅರಳಿಸಿದ ದಳ ಒಂದೇ ಪೆಟ್ಟಿಗೆ ಹಾರಿಹೋಗುವುದುಂಟು.

ಈ ಕಲೆಯ ಮೂಲ ಬಡವರ ಲಾಂದ್ರ. ಬಕೀಟಿನಲ್ಲಿ ನೀರಿಟ್ಟು, ಅಂಚು ಗಟ್ಟಿಯಾದೊಡನೆ ನಡುವಿನ ನೀರನ್ನು ಚೆಲ್ಲಿ, ಟೊಳ್ಳಿನಲ್ಲಿ ದೀಪವಿಟ್ಟರೆ ಗಾಳಿಗೆ ಆರದು. 1963ರಲ್ಲಿ ನಗರದ ಝಾವೊಲಿನ್ ಉದ್ಯಾನದಲ್ಲಿ ಇಂಥ ದೀಪಗಳ ಮೊದಲ ಪ್ರದರ್ಶನ ನಡೆಯಿತು. ಸಾಂಸ್ಕೃತಿಕ ಕ್ರಾಂತಿಯ ಕೋಲಾಹಲದಲ್ಲಿ ಅದೂ ನಿಂತಿತು. ಈಗಿನ ಉತ್ಸವ ಮೊದಲಾದದ್ದು 1985ರ ಜನವರಿ 5ರಂದು. ಮಂಜುಗಡ್ಡೆಯ ಆ ಮಹಾನಗರ ನಿರ್ಮಾಣವಾಗತೊಡಗಿದ್ದು 1999ರಿಂದ.

ಉತ್ಸವದಲ್ಲಿ ಶಿಲ್ಪಿಗಳಿಗೆ ಸ್ಪರ್ಧೆಗಳಿವೆ, ಬಹುಮಾನಗಳಿವೆ. ಹಾರೆ ಹಿಡಿದವರಿಗೆ ದೊರೆಯುವುದು ಕೂಲಿಯಷ್ಟೆ. ದೀಪಗಳು ಹೊತ್ತುವ ವೇಳೆಗೆ ಅವರ ಪಾಲಿನ ಕೆಲಸ ಮುಗಿದೇ ಹೋಗಿರುತ್ತದೆ. ಡಿಸೆಂಬರಿನ ದಿನಗಳಲ್ಲಾದರೆ ಇನ್ನೂ ಬೆಳಕು ಹರಿಯುವ ಮೊದಲೇ ಅವರು ನದಿಗಿಳಿಯಬೇಕು. ನಿನ್ನೆ ಕೊಯ್ದು ತೆರೆದ ನೀರಿನ ಮೇಲೆ ರಾತ್ರಿಯೇ ಹೊಸ ಹೆಪ್ಪು ಹರಡಿರುತ್ತದೆ. ಅದನ್ನು ಒಡೆಯುವುದರಿಂದಲೇ ಆ ದಿನದ ಕೆಲಸ ಆರಂಭ.