ಹೆಣ್ಣೆಂದು ಹೆಸರಿಟ್ಟವರಲ್ಲಿ ಕೆಲವರು

ಬನಶಂಕರಿಯ ನಿಲ್ದಾಣಕ್ಕೆ ಸಿಟಿ ಬಸ್ಸು ಬಂದು ನಿಂತೊಡನೆ ಕಾದಿದ್ದ ಜನ ಎರಡಾಗಿ ಒಡೆಯುವುದನ್ನು ನಾವು ದಿನವೂ ನೋಡುತ್ತೇವೆ. ಹೆಂಗಸರು ಮುಂಬಾಗಿಲಿನತ್ತ, ಗಂಡಸರು ಹಿಂಬಾಗಿಲಿನತ್ತ ನುಗ್ಗುತ್ತಾರೆ. ಪಕ್ಕದ ಮೆಟ್ರೋ ನಿಲ್ದಾಣದಲ್ಲಿ ಮೈ ತಪಾಸಣೆಗೆ ನಿಲ್ಲುವಾಗಲೂ ಹೀಗೆಯೇ. ಯಾವ ಬಾಗಿಲು, ಯಾವ ಸಾಲು ಎಂದು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ನನ್ನ ಸ್ನೇಹಿತನೊಬ್ಬನು ಮಾತ್ರ ದಿನವೂ ಯೋಚಿಸುತ್ತಾನೆ. ಅವನಿಗೆ ಗಡ್ಡ ಬಂದಿದೆ, ದನಿ ಒಡೆದಿದೆ. ಆದರೆ ಅವನ ಜೇಬಿನ ಆಧಾರ್ ಕಾರ್ಡಿನಲ್ಲಿ ‘ಸ್ತ್ರೀ’ ಎಂದು ಅಚ್ಚಾಗಿದೆ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯು ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣವನ್ನು ಕೊಟ್ಟಿತು. ಹೇಗೆ ನೋಡಿದರೂ ಅವನು ಅದಕ್ಕೆ ಹಕ್ಕುದಾರ. ಆದರೂ ಅವನು ಹಣ ಕೊಟ್ಟೇ ಟಿಕೇಟು ಕೊಳ್ಳುತ್ತಾನೆ. “ಬಸ್ಸಿನ ತುಂಬ ಜನರೆದುರಿಗೆ ಕಥೆ ಹೇಳುವುದಕ್ಕಿಂತ ಇಪ್ಪತ್ತು ರೂಪಾಯಿ ಅಗ್ಗ” ಎಂದು ಅವನು ಒಮ್ಮೆ ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತ ಹೇಳಿದನು. ಅವನ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು, ಈ ಲೇಖನವನ್ನು ಬರೆಯುತ್ತಿದ್ದೇನೆ.

ಮಗು ಹುಟ್ಟಿದಾಗ ಸೂಲಗಿತ್ತಿಯೋ ದಾದಿಯೋ ಅದರ ಮೈಯನ್ನು ನೋಡಿ ‘ಹೆಣ್ಣು’ ಎನ್ನುತ್ತಾಳೆ. ದಾಖಲೆಯಲ್ಲಿ ಹಾಗೆಯೇ ಬರೆಯುತ್ತಾರೆ. ಹೆಚ್ಚಿನವರ ಮಟ್ಟಿಗೆ ಆ ಮಾತು ಜೀವಮಾನವೆಲ್ಲ ಸರಿಯಾಗಿಯೇ ಇರುತ್ತದೆ. ಕೆಲವರಿಗೆ ಮಾತ್ರ ಬುದ್ಧಿ ತಿಳಿದಾಗಿನಿಂದಲೋ, ಹರೆಯ ಬಂದ ಮೇಲೋ, ‘ನಾನು ಹೆಣ್ಣಲ್ಲ’ ಎಂಬ ಅರಿವು ಗಟ್ಟಿಯಾಗುತ್ತದೆ. ಇವರಲ್ಲಿ ತಮ್ಮನ್ನು ಗಂಡೆಂದೇ ತಿಳಿಯುವವರನ್ನು ಟ್ರಾನ್ಸ್ ಪುರುಷರೆಂದು ಕರೆಯುವುದು ಈಗ ರೂಢಿಯಾಗಿದೆ. ಎರಡರಲ್ಲಿ ಯಾವುದೂ ಅಲ್ಲವೆನ್ನುವವರೂ ಉಂಟು. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ತೊಡೆದುಹಾಕಬೇಕು. ಹುಟ್ಟಿನಿಂದಲೇ ಜನನಾಂಗಗಳೋ ವರ್ಣತಂತುಗಳೋ ಹೆಣ್ಣು ಗಂಡೆಂಬ ಸಾಮಾನ್ಯ ಲಕ್ಷಣಗಳಿಗೆ ಹೊಂದದಿರುವ ಅಂತರಲಿಂಗಿಗಳ ವಿಷಯ ಬೇರೆ. ಟ್ರಾನ್ಸ್ ಪುರುಷರಲ್ಲಿ ಬಹುಮಂದಿಯ ದೇಹ ಹುಟ್ಟಿನಲ್ಲಿ ಎಲ್ಲ ಹೆಣ್ಣುಮಕ್ಕಳ ದೇಹದಂತೆಯೇ ಇರುತ್ತದೆ. ಎರಡನೆಯದಾಗಿ, ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬರುವ ಪಿ.ಸಿ.ಓ.ಎಸ್. ಎಂಬುದು ಅನೇಕ ಹೆಣ್ಣುಮಕ್ಕಳನ್ನು ಕಾಡುವ ತೊಂದರೆ. ಅದರಿಂದ ಯಾರೂ ಗಂಡಾಗುವುದಿಲ್ಲ. ಅದಕ್ಕೆ ಮದ್ದು ಕೊಟ್ಟ ಮಾತ್ರಕ್ಕೆ ಟ್ರಾನ್ಸ್ ಪುರುಷನು ಹೆಣ್ಣಾಗುವುದೂ ಇಲ್ಲ. ನನ್ನ ಸ್ನೇಹಿತನಿಗೆ ಮನೆಯವರು ಎರಡು ವರ್ಷ ಇಂಥ ಮಾತ್ರೆಗಳನ್ನು ನುಂಗಿಸಿದರು.

ನಮ್ಮ ನಾಡಿನಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರಿಗೆ ಹೆಸರುಗಳಿವೆ, ನೆಲೆಗಳಿವೆ. ಸವದತ್ತಿಯ ಎಲ್ಲಮ್ಮನ ಜೋಗಪ್ಪಂದಿರನ್ನು ಎಲ್ಲರೂ ಬಲ್ಲರು. ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅವರು ಪಟ್ಟ ಪಾಡು ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಹೆಣ್ಣೆಂದು ಬೆಳೆದು ಗಂಡಾದವನಿಗೆ ಹೋಗಿ ಸೇರುವುದಕ್ಕೆ ಒಂದು ಗುಡಿಯೂ ಇಲ್ಲ, ಒಂದು ಜಮಾತೂ ಇಲ್ಲ, ಕನ್ನಡದಲ್ಲಿ ಒಂದು ಹಳೆಯ ಹೆಸರೂ ಇಲ್ಲ. ಇದ್ದುದೊಂದು ಶಿಖಂಡಿಯ ಕಥೆ. ಮಹಾಭಾರತದಲ್ಲಿ ದ್ರುಪದನ ಮಗಳಾಗಿ ಹುಟ್ಟಿ, ಮಗನೆಂದೇ ಬೆಳೆದು, ಮದುವೆಯಾದ ಮೇಲೆ ಗುಟ್ಟು ಬಯಲಾಗಿ, ಸಾಯಲೆಂದು ಕಾಡಿಗೆ ಹೋಗಿ, ಸ್ಥೂಣನೆಂಬ ಯಕ್ಷನಿಂದ ಗಂಡುತನವನ್ನು ಪಡೆದವನು ಆತ. ಆ ಹೆಸರನ್ನೂ ನಾವು ಬೈಗುಳವಾಗಿ ಮಾಡಿಕೊಂಡಿದ್ದೇವೆ.

ಇಂಥವರು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಅವರ ಸಂಖ್ಯೆ ಕಡಮೆ ಎಂಬುದಲ್ಲ. ಗಂಡುಮಗ ಮನೆ ಬಿಟ್ಟು ಹೋದರೆ ಬೈದು ಸುಮ್ಮನಾಗುವ ಸಂಸಾರವು ಹೆಣ್ಣುಮಗಳನ್ನು ಬೀದಿಯ ತಿರುವಿನವರೆಗೂ ಒಬ್ಬಳನ್ನೇ ಕಳುಹಿಸುವುದಿಲ್ಲ. ಸಂಜೆ ಆರಕ್ಕೆ ಮನೆಯಲ್ಲಿರಬೇಕು. ಓದು ಮುಗಿದರೆ ವರ ನೋಡಬೇಕು. ಆದ್ದರಿಂದ ಈ ಹೋರಾಟವೆಲ್ಲ ನಾಲ್ಕು ಗೋಡೆಗಳ ನಡುವೆ, ಕೊನೆಗೆ ಒಂದೇ ದೇಹದೊಳಗೆ ನಡೆದುಹೋಗುತ್ತದೆ. ಬೆಂಗಳೂರಿನಲ್ಲಿ ೧೯೯೯ರಲ್ಲಿ ಹುಟ್ಟಿದ ‘ಸಂಗಮ’ ಸಂಸ್ಥೆಯೂ ಅನಂತರ ಬಂದ ‘ಲೆಸ್ಬಿಟ್’ ಎಂಬ ಸಣ್ಣ ಬಳಗವೂ ಇಂಥವರು ಒಬ್ಬರನ್ನೊಬ್ಬರು ಕಾಣುವುದಕ್ಕೆ ಮೊದಲ ಎಡೆ ಮಾಡಿಕೊಟ್ಟವು.

ಭಾಷೆಯ ವಿಷಯವಾಗಿ ಒಂದು ಮಾತು. ಕನ್ನಡ ಅಧ್ಯಾಪಕರು ಮನ್ನಿಸಬೇಕು. ‘ನಾನು ಬಂದೆ’ ಎನ್ನುವಾಗ ನಮ್ಮ ಕ್ರಿಯಾಪದದಲ್ಲಿ ಲಿಂಗವಿಲ್ಲ. ‘ನೀನು ಬಂದೆ’ ಎನ್ನುವಾಗಲೂ ಇಲ್ಲ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನಬೇಕಾದರೆ ಹೆಣ್ಣೋ ಗಂಡೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ನಮ್ಮಲ್ಲಿ ಮೂರನೆಯವರ ವಿಷಯ ಆಡುವಾಗ ಮಾತ್ರ ‘ಬಂದನು’, ‘ಬಂದಳು’ ಎಂಬ ಭೇದ ಬರುತ್ತದೆ. ಅಲ್ಲಿಯೂ ‘ಬಂದರು’ ಎಂದು ಗೌರವ ಕೊಟ್ಟರೆ ಭೇದ ಅಳಿಯುತ್ತದೆ. ವ್ಯಾಕರಣ ಇಷ್ಟು ಉದಾರವಾಗಿದ್ದರೂ ಮನೆಮಾತು ಬಿಡಬೇಕಲ್ಲ! ‘ಬಾರೇ’, ‘ಬಾರೋ’, ‘ಹೌದು ಕಣೇ’, ‘ಹೌದು ಕಣೋ’ — ಪ್ರೀತಿಯ ಮಾತೆಲ್ಲ ಈ ಸಣ್ಣ ಬಾಲಗಳಲ್ಲಿದೆ. ನನ್ನ ಸ್ನೇಹಿತನ ತಾಯಿ ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. “ಊಟ ಆಯಿತಾ? ಕೆಮ್ಮು ಹೋಯಿತಾ?” ಎಂದು ಕೇಳುತ್ತಾರೆ. ಎರಡು ವರ್ಷದಿಂದ ಅವರ ಬಾಯಲ್ಲಿ ‘ಕಣೇ’ ಇಲ್ಲ. ‘ಕಣೋ’ ಇನ್ನೂ ಬಂದಿಲ್ಲ.

ಇನ್ನು ಮೈಯ ವಿಚಾರ. ಹೆಣ್ಣುಮಗು ಮೈನೆರೆದಾಗ ನಮ್ಮ ಮನೆಗಳಲ್ಲಿ ಆರತಿ ಎತ್ತುತ್ತಾರೆ, ಹೊಸ ಸೀರೆ ಉಡಿಸುತ್ತಾರೆ, ಚಿಗಳಿ ಉಂಡೆ ಹಂಚುತ್ತಾರೆ. ಅದೇ ದಿನ ತನ್ನ ಮೈ ತನಗೆ ದ್ರೋಹ ಬಗೆಯಿತೆಂದು ಬಚ್ಚಲಿನಲ್ಲಿ ಅತ್ತ ಮಗುವನ್ನು ನೆನೆದುಕೊಳ್ಳಿ. ಎದೆ ಬೆಳೆಯುವುದು, ತಿಂಗಳು ತಿಂಗಳೂ ಮುಟ್ಟಾಗುವುದು ಅವನಿಗೆ ಬರಿಯ ಕಿರಿಕಿರಿಯಲ್ಲ. ಸುತ್ತಲಿನವರು ಅವನ ಬಗ್ಗೆ ಹೇಳುತ್ತಿರುವ ಸುಳ್ಳಿಗೆ ಅವನ ಮೈಯೇ ಸಾಕ್ಷಿ ನುಡಿದಂತೆ. ಆದ್ದರಿಂದ ಎದೆಯನ್ನು ಬಿಗಿದು ಕಟ್ಟುವುದು ಸಾಮಾನ್ಯ. ಇದಕ್ಕೆಂದೇ ಹೊಲಿದ ಬೈಂಡರ್ ಎಂಬ ಒಳ ಅಂಗಿಯನ್ನು ಅಳತೆಗೆ ತಕ್ಕಂತೆ ಕೊಂಡು, ದಿನಕ್ಕೆ ಎಂಟು ಗಂಟೆ ಮೀರದಂತೆ, ಮಲಗುವಾಗಲೂ ವ್ಯಾಯಾಮದಲ್ಲಿಯೂ ಬಿಚ್ಚಿಟ್ಟು ತೊಡಬೇಕೆಂದು ತಿಳಿದವರು ಹೇಳುತ್ತಾರೆ. ಅದು ಸಿಕ್ಕದವರು ಕ್ರೇಪ್ ಬ್ಯಾಂಡೇಜನ್ನೋ ಅಂಟುಪಟ್ಟಿಯನ್ನೋ ಸುತ್ತುತ್ತಾರೆ. ಉಸಿರೆಳೆದಂತೆಲ್ಲ ಅದು ಬಿಗಿಯುತ್ತದೆ, ಪಕ್ಕೆಲುಬು ನೋಯುತ್ತದೆ, ಬೇಸಗೆಯಲ್ಲಿ ಚರ್ಮ ಸುಲಿದು ಹುಣ್ಣಾಗುತ್ತದೆ. ಮೂತ್ರಾಲಯದ್ದು ಇನ್ನೊಂದು ಕಷ್ಟ. ಹೆಂಗಸರದಕ್ಕೆ ಹೋದರೆ ಕೂಗುತ್ತಾರೆ, ಗಂಡಸರದಕ್ಕೆ ಹೋಗಲು ಹೆದರಿಕೆ. ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವುದನ್ನು ಅಭ್ಯಾಸ ಮಾಡಿಕೊಂಡು ಮೂತ್ರನಾಳದ ಸೋಂಕನ್ನು ತಂದುಕೊಳ್ಳುವವರಿದ್ದಾರೆ. ನಮ್ಮ ತರಗತಿಗಳಲ್ಲಿಯೂ ಅಂಥವರೊಬ್ಬರು ಕುಳಿತಿರಬಹುದು.

ಚಿಕಿತ್ಸೆ ಬೇಕೆನ್ನುವವರಿಗೆ ಟೆಸ್ಟಾಸ್ಟಿರೋನ್ ಎಂಬ ಹಾರ್ಮೋನನ್ನು ಸೂಜಿಮದ್ದಾಗಿ ಕೊಡುತ್ತಾರೆ. ಕೆಲವು ತಿಂಗಳಲ್ಲಿ ಬಹುಮಂದಿಗೆ ಮುಟ್ಟು ನಿಲ್ಲುತ್ತದೆ, ದನಿ ಗಡುಸಾಗುತ್ತದೆ. ಗಡ್ಡ ತುಂಬುವುದಕ್ಕೆ ವರ್ಷಗಳು ಬೇಕು. ಮದ್ದನ್ನು ನಿಲ್ಲಿಸಿದರೆ ಮುಟ್ಟು ಮರಳಬಹುದು. ಒಡೆದ ದನಿ ಮರಳುವುದಿಲ್ಲ. ರಕ್ತದಲ್ಲಿ ಕೆಂಪುಕಣಗಳು ಹೆಚ್ಚಿ ರಕ್ತ ಗಟ್ಟಿಯಾಗುವ ಸಂಭವವಿರುವುದರಿಂದ ಆಗಾಗ್ಗೆ ಪರೀಕ್ಷೆ ಮಾಡಿಸಬೇಕು. ಅವಸರಪಟ್ಟು ವ್ಯಾಯಾಮಶಾಲೆಯ ಪರಿಚಯದವರಿಂದ ಸೂಜಿ ಹಾಕಿಸಿಕೊಳ್ಳುವವರಿಗೆ ಈ ಪರೀಕ್ಷೆಯನ್ನು ಯಾರು ಮಾಡುತ್ತಾರೆ? ಎದೆಯ ಶಸ್ತ್ರಚಿಕಿತ್ಸೆ, ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಗಳೂ ಉಂಟು. ಎಲ್ಲರೂ ಎಲ್ಲವನ್ನೂ ಬಯಸುವುದಿಲ್ಲ, ಬಯಸಿದವರೆಲ್ಲರಿಗೂ ಹಣವಿರುವುದಿಲ್ಲ. ಹೆಚ್ಚು ಜನರಿಗೆ ತಿಳಿಯದ ವಿಷಯವೊಂದಿದೆ: ಗರ್ಭಕೊರಳು ಮೈಯಲ್ಲಿರುವವರೆಗೂ, ಗಡ್ಡ ಎಷ್ಟೇ ದಟ್ಟವಾಗಿ ಬೆಳೆದರೂ, ಅದರ ಕ್ಯಾನ್ಸರ್ ತಪಾಸಣೆಯನ್ನು ಬಿಡುವಂತಿಲ್ಲ. ಮುಟ್ಟು ನಿಂತ ಮಾತ್ರಕ್ಕೆ ಬಸಿರಿನ ಸಾಧ್ಯತೆಯೂ ಹೋಗುವುದಿಲ್ಲ.

ಆದರೆ ಆ ತಪಾಸಣೆ ನಡೆಯುವುದು ಸ್ತ್ರೀರೋಗ ವಿಭಾಗದಲ್ಲಿ. ಬಸುರಿಯರು, ಬಾಣಂತಿಯರು, ಅವರ ಅತ್ತೆಯಂದಿರು ತುಂಬಿದ ಬೆಂಚಿನ ಮೇಲೆ ಮೀಸೆ ಹೊತ್ತವನೊಬ್ಬನು ಕುಳಿತಿರಬೇಕು. ದಾದಿ ಹೊರಗೆ ಬಂದು ಹೆಣ್ಣುಹೆಸರನ್ನು ಕೂಗಿದಾಗ ಅವನು ಎದ್ದು ನಿಲ್ಲಬೇಕು. ನನ್ನ ಸ್ನೇಹಿತನು ಕಿಬ್ಬೊಟ್ಟೆಯ ನೋವನ್ನು ಹನ್ನೊಂದು ತಿಂಗಳು ಸಹಿಸಿದ್ದು ನೋವು ಸಣ್ಣದಿದ್ದುದರಿಂದಲ್ಲ, ಆ ಬೆಂಚಿಗೆ ಹೆದರಿ. ಕೊನೆಗೆ ಹೋದ ಕಡೆ ವೈದ್ಯೆಯೊಬ್ಬರು ಹೆಸರನ್ನು ಕೂಗಿಸದೆ ಟೋಕನ್ ಸಂಖ್ಯೆಯಿಂದ ಒಳಗೆ ಕರೆಸಿದರು. ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಇದು ಮನೋರೋಗವಲ್ಲವೇ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಹಿಂದೆ ವೈದ್ಯಗ್ರಂಥಗಳೂ ಹಾಗೆಯೇ ಬರೆದಿದ್ದವು. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯನ್ನು ಅಂಗೀಕರಿಸಿದಾಗ ಇದನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಅದು ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿತು. ‘ಸರಿಪಡಿಸುತ್ತೇನೆ’ ಎಂದು ಹೊರಡುವ ಚಿಕಿತ್ಸೆಯನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ವೃತ್ತಿದುರ್ನಡತೆಯೆಂದು ಸಾರಿತು. ಹಾಗೆಂದು ಮನಸ್ಸಿಗೆ ನೋವಿಲ್ಲವೆಂದಲ್ಲ. ಹೆದರಿ ಹೆದರಿ ಬಾಳುವವನಿಗೆ ನಿದ್ರೆಗೇಡು, ಖಿನ್ನತೆ, ಸಾಯಬೇಕೆಂಬ ಯೋಚನೆ ಬರುವುದು ಆಶ್ಚರ್ಯವಲ್ಲ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಅದರ ತಲೆಯಾಗಿ ನಿಂತ ನಿಮ್ಹಾನ್ಸ್ ನಮ್ಮ ಹೊಸೂರು ರಸ್ತೆಯಲ್ಲಿಯೇ ಇದೆ.

ಇದು ಈಚಿನವರ ಷೋಕಿ ಎನ್ನುವವರಿಗಾಗಿ ಮೈಕೇಲ್ ಡಿಲನ್ ಎಂಬ ಆಂಗ್ಲನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ೧೯೧೫ರಲ್ಲಿ ಹೆಣ್ಣೆಂದು ದಾಖಲಾದ ಆತನು ೧೯೩೯ರಲ್ಲಿ ಟೆಸ್ಟಾಸ್ಟಿರೋನ್ ಸೇವಿಸತೊಡಗಿದನು. ಯುದ್ಧದಲ್ಲಿ ಮುಖ ಸುಟ್ಟ ಸೈನಿಕರನ್ನು ನೇರ್ಪಡಿಸಿ ಹೆಸರಾಗಿದ್ದ ಹೆರಾಲ್ಡ್ ಗಿಲೀಸ್ ಎಂಬ ಶಸ್ತ್ರವೈದ್ಯನಿಂದ ಹಲವು ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡನು. ತಾನೂ ವೈದ್ಯನಾಗಿ ಹಡಗಿನಲ್ಲಿ ಕೆಲಸಕ್ಕಿದ್ದಾಗ ೧೯೫೮ರಲ್ಲಿ ಪತ್ರಿಕೆಗಳು ಅವನ ಗುಟ್ಟನ್ನು ಹೊರಹಾಕಿದವು. ಅವನು ಭಾರತಕ್ಕೆ ಬಂದು, ಬೌದ್ಧಧರ್ಮವನ್ನು ಹಿಡಿದು, ಲಡಾಖಿನ ಮಠವೊಂದರಲ್ಲಿಯೂ ಕೆಲಕಾಲವಿದ್ದು, ೧೯೬೨ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡನು. ಅಷ್ಟು ದೂರವೇಕೆ, ಜೇಡರ ದಾಸಿಮಯ್ಯನು ನಡುವಣ ಆತ್ಮಕ್ಕೆ ಹೆಣ್ಣು ಗಂಡೆಂಬುದಿಲ್ಲವೆಂದುದನ್ನು ನಾವು ಪರೀಕ್ಷೆಯಲ್ಲಿ ಭಾವಾರ್ಥ ಸಮೇತ ಬರೆದು ಅಂಕ ಗಿಟ್ಟಿಸಿದ್ದೇವೆ.

ಕಾನೂನಿನ ಮಾತು ಸಂಕ್ಷೇಪವಾಗಿ. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದಲ್ಲಿ ತನ್ನ ಲಿಂಗತ್ವವನ್ನು ಹೇಳಿಕೊಳ್ಳುವ ಹಕ್ಕು ಅವರವರದೇ ಎಂದಿತು. ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ಮಾಡಕೂಡದೆಂದಿತು. ೨೦೧೯ರ ಕಾಯಿದೆ ಜಿಲ್ಲಾಧಿಕಾರಿಗಳಿಂದ ಗುರುತಿನ ಪತ್ರ ಪಡೆಯುವ ದಾರಿಯನ್ನು ತೆರೆಯಿತು. ೨೦೨೧ರಲ್ಲಿ ಕರ್ನಾಟಕವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ ೧ರ ಮೀಸಲನ್ನು ಕೊಟ್ಟ ಮೊದಲ ರಾಜ್ಯವಾಯಿತು. ಕಾನೂನು ತಿದ್ದುಪಡಿಯಾಗುತ್ತಿರುವುದರಿಂದ ಅರ್ಜಿ ಹಾಕುವವರು ಆಗಿನ ನಿಯಮವನ್ನು ಕೇಳಿ ತಿಳಿಯುವುದೊಳಿತು. ಗುರುತಿನ ಪತ್ರ ಬಂದರೂ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಿಂದ ಹಿಡಿದು ಬ್ಯಾಂಕಿನ ಪುಸ್ತಕದವರೆಗೆ ಒಂದೊಂದನ್ನೂ ಬೇರೆ ಬೇರೆ ಕಚೇರಿಯಲ್ಲಿ ತಿದ್ದಿಸಬೇಕು. ನನ್ನ ಸ್ನೇಹಿತನ ಕಡತ ಈಗ ಎರಡು ಅಂಗುಲ ದಪ್ಪವಾಗಿದೆ.

ವಾಸದ ತೊಂದರೆಯನ್ನು ಬಿ.ಟಿ.ಎಂ. ಬಡಾವಣೆಯ ಬೀದಿಗಳಲ್ಲಿ ಒಮ್ಮೆ ತಿರುಗಿದರೆ ತಿಳಿಯಬಹುದು. ಕಂಬ ಕಂಬಕ್ಕೂ ‘ಲೇಡೀಸ್ ಪಿ.ಜಿ.’, ‘ಜೆಂಟ್ಸ್ ಪಿ.ಜಿ.’ ಎಂಬ ಫಲಕಗಳು. ಮೊದಲನೆಯದರಲ್ಲಿ ಅವನ ಮುಖವನ್ನು ಕಂಡು ಒಳಗೆ ಬಿಡುವುದಿಲ್ಲ. ಎರಡನೆಯದರಲ್ಲಿ ಆಧಾರ್ ಪ್ರತಿಯನ್ನು ಕೇಳುತ್ತಾರೆ, ಆಮೇಲೆ ನಾಲ್ವರೊಡನೆ ಒಂದೇ ಕೋಣೆ, ಒಂದೇ ಬಚ್ಚಲು. ಅವನು ಈಗ ಜೆ.ಪಿ. ನಗರದಲ್ಲಿ ಮಾಳಿಗೆಯ ಮೇಲಿನ ಒಂಟಿ ಕೋಣೆಯೊಂದಕ್ಕೆ ಸಂಬಳದ ಅರ್ಧವನ್ನು ಸುರಿಯುತ್ತಿದ್ದಾನೆ.

ಕಾಲೇಜಿನ ದಿನಗಳ ಬಗ್ಗೆ ಕೇಳಿದಾಗ ಅವನು ಒಬ್ಬ ಇತಿಹಾಸದ ಅಧ್ಯಾಪಕರನ್ನು ನೆನೆದನು. ಹಾಜರಿ ಕೂಗುವಾಗ ತನ್ನ ಹೆಸರು ಬಂದೊಡನೆ ಇವನು ತಲೆ ತಗ್ಗಿಸುತ್ತಿದ್ದುದನ್ನು ಅವರು ಕೆಲವು ವಾರ ನೋಡಿದರಂತೆ. ಒಂದು ದಿನ ಗ್ರಂಥಾಲಯದ ಮೆಟ್ಟಿಲ ಬಳಿ ನಿಲ್ಲಿಸಿ, “ಏನಪ್ಪಾ, ನಿನ್ನನ್ನು ಏನೆಂದು ಕರೆಯಲಿ?” ಎಂದು ಕೇಳಿದರು. ಇವನಿಗೆ ಉತ್ತರ ಹೊರಡಲಿಲ್ಲ. ಮರುದಿನದಿಂದ ಅವರು ಇಡೀ ತರಗತಿಗೆ ಹೆಸರು ಬಿಟ್ಟು ಸಂಖ್ಯೆಯನ್ನು ಮಾತ್ರ ಕೂಗತೊಡಗಿದರು. ಇವನದು ೪೭. ವರ್ಷ ಮುಗಿಯುವವರೆಗೆ ಆ ಒಂದು ತರಗತಿಯನ್ನು ಅವನು ತಪ್ಪಿಸಲಿಲ್ಲ.