ಸಣ್ಣ ಬಾನುಲಿ ನಿಲಯದಲ್ಲಿ ವಿಕಲಚೇತನರಿಗೆ ಎಡೆ

ಬಾನುಲಿಯ ಚರಿತ್ರೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ವಿಷಯಗಳನ್ನು ಪರಿಶೀಲಿಸುವುದುಂಟು: ಒಂದು, ಪ್ರಸಾರ ಮಾಡುವ ಯಂತ್ರ, ಇನ್ನೊಂದು, ಪ್ರಸಾರವಾದ ಮಾತು. ಇವೆರಡರ ನಡುವೆ ಮಾತು ಹುಟ್ಟುವ ಕೊಠಡಿಯೊಂದಿದೆ. ಆ ಕೊಠಡಿಗೆ ಎಷ್ಟು ಮೆಟ್ಟಿಲುಗಳಿವೆ, ಅದರ ಬಾಗಿಲು ಎಷ್ಟು ಅಗಲವಾಗಿದೆ, ಮಾತನ್ನು ಆರಂಭಿಸಬೇಕೆಂಬ ಸೂಚನೆ ಕಣ್ಣಿಗೆ ಬರುತ್ತದೆಯೋ ಕಿವಿಗೆ ಬರುತ್ತದೆಯೋ ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರಬಹುದು. ಆದರೆ ಯಾರ ಧ್ವನಿ ಪ್ರಸಾರವಾಗುವುದು, ಯಾರ ಧ್ವನಿ ಆಗದು ಎಂಬುದನ್ನು ಎಷ್ಟೋ ವೇಳೆ ನಿರ್ಣಯಿಸುವುವು ಇವೇ. ಈ ಲೇಖನದಲ್ಲಿ ಸಣ್ಣ ಬಾನುಲಿ ನಿಲಯವೊಂದನ್ನು ವಿಕಲಚೇತನರು ದುಡಿಯಲು ತಕ್ಕ ಸ್ಥಳವನ್ನಾಗಿ ಮಾಡುವ ಬಗೆಯನ್ನು, ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಕಟ್ಟಡಗಳನ್ನು ಮುಂದಿಟ್ಟುಕೊಂಡು ವಿವರಿಸಲು ಯತ್ನಿಸಲಾಗಿದೆ.

ಮನೆಯಲ್ಲಿ ಹುಟ್ಟಿದ ಬಾನುಲಿ

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದು ಸಣ್ಣ ನಿಲಯವಾಗಿಯೇ. ೧೯೩೫ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಲ್ಲಿ ಸಣ್ಣ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದೊಡನೆ ಬೆಳೆದು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. ೧೯೫೫ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯ ಆರಂಭವಾಯಿತು. ಅನಂತರದ ದಶಕಗಳಲ್ಲಿ ಬಾನುಲಿಯೆಂದರೆ ಸರ್ಕಾರದ ದೊಡ್ಡ ಕಟ್ಟಡ, ದೊಡ್ಡ ಪ್ರೇಷಕ ಎಂಬ ಭಾವನೆ ನೆಲೆಗೊಂಡಿತು.

ಈ ಸ್ಥಿತಿ ಬದಲಾದದ್ದು ೧೯೯೫ರ ಬಳಿಕ. ಆ ವರ್ಷದ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾನಲೆಗಳು ಸಾರ್ವಜನಿಕ ಸ್ವತ್ತೆಂದು ತೀರ್ಪಿತ್ತಿತು. ೨೦೦೨ರಲ್ಲಿ ವಿದ್ಯಾಸಂಸ್ಥೆಗಳಿಗೂ, ೨೦೦೬ರಲ್ಲಿ ಲಾಭದ ಉದ್ದೇಶವಿಲ್ಲದ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ದೊರೆಯುವಂತಾಯಿತು. ೨೦೦೬ರ ನಿಯಮಾವಳಿಯ ಪ್ರಕಾರ ಇಂತಹ ನಿಲಯದ ಪ್ರಸಾರಶಕ್ತಿ ಸಾಮಾನ್ಯವಾಗಿ ೧೦೦ ವಾಟುಗಳಿಗೆ ಸೀಮಿತ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧಭಾಗವಾದರೂ ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದ ಸಿದ್ಧವಾಗತಕ್ಕದ್ದು. ಬೆಂಗಳೂರಿನಲ್ಲಿ ೨೦೦೭ರಲ್ಲಿ ಜೈನ್ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ಆರಂಭವಾದ 'ರೇಡಿಯೋ ಆ್ಯಕ್ಟಿವ್' ನಿಲಯದಲ್ಲಿ ಕಸ ಆಯುವ ವೃತ್ತಿಯವರೂ ಲಿಂಗತ್ವ ಅಲ್ಪಸಂಖ್ಯಾತರೂ ಉದ್ಘೋಷಕರಾಗಿ ಧ್ವನಿಯೆತ್ತಿದರು. ಹೀಗೆ ಬಾನುಲಿ ಮರಳಿ ಸಣ್ಣ ಕೊಠಡಿಗೆ ಬಂದಿತು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬಾನಲೆ ಸಾರ್ವಜನಿಕ ಸ್ವತ್ತಾದರೆ, ಅದನ್ನು ಬಳಸುವ ಕೊಠಡಿಗೆ ಸಾರ್ವಜನಿಕರಲ್ಲಿ ಕೆಲವರು ಹತ್ತಲಾರದ ಮೆಟ್ಟಿಲುಗಳಿರುವುದು ಯುಕ್ತವೇ? ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ೧೩ ಲಕ್ಷ ೨೪ ಸಾವಿರಕ್ಕೂ ಮೇಲ್ಪಟ್ಟು ವಿಕಲಚೇತನರಿದ್ದರು. ಇವರು ಬಾನುಲಿಯನ್ನು ಕೇಳುವುದಕ್ಕೆ ಅಡ್ಡಿಗಳು ಕಡಮೆ. ಆದರೆ ಅದರಲ್ಲಿ ಸಂಬಳಕ್ಕೆ ದುಡಿಯುವುದು ಬೇರೆಯ ಮಾತು.

ಸಾಮರ್ಥ್ಯದ ಕೊರತೆಯಲ್ಲ

ಕಂಠವನ್ನೂ ಕಿವಿಯನ್ನೂ ನೆಚ್ಚಿದ ವೃತ್ತಿಗಳಲ್ಲಿ ದೃಷ್ಟಿಯಿಲ್ಲದವರು ಹಿಂದೆ ಬಿದ್ದವರಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (೧೮೯೨–೧೯೪೪), ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦), ತಾವೇ ಅಂಧರಾಗಿದ್ದು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಳ ಕಾಲ ಅಂಧ ವಿದ್ಯಾರ್ಥಿಗಳನ್ನೂ ಕಣ್ಣುಳ್ಳ ವಿದ್ಯಾರ್ಥಿಗಳನ್ನೂ ಒಟ್ಟಿಗೆ ಸಂಗೀತದಲ್ಲಿ ತರಬೇತುಗೊಳಿಸಿದರು. ಅಲ್ಲಿ ಪಾಠಕ್ರಮವನ್ನೂ ವಾಸವನ್ನೂ ಅಂಧರಿಗೆ ಹೊಂದುವಂತೆ ಏರ್ಪಡಿಸಿದ್ದುದರಿಂದ ಕುರುಡು ಒಂದು ಅಡ್ಡಿಯಾಗಿ ನಿಲ್ಲಲಿಲ್ಲ. ಇತ್ತೀಚಿನ ಉದಾಹರಣೆಯೆಂದರೆ, ೨೦೧೪ರಲ್ಲಿ ಆರಂಭವಾದ 'ರೇಡಿಯೋ ಉಡಾನ್' ಎಂಬ ಅಂತರಜಾಲ ಬಾನುಲಿ. ಅದನ್ನು ಕಟ್ಟಿದವರು ದೃಷ್ಟಿವಿಕಲರೇ. ಅವರು ತಮ್ಮ ತಮ್ಮ ಊರುಗಳಿಂದಲೇ ಕಾರ್ಯಕ್ರಮ ನಡೆಸಬಲ್ಲವರಾದುದರಿಂದ, ಕಟ್ಟಡದ ತೊಡಕು ಅಲ್ಲಿ ಎದುರಾಗಲೇ ಇಲ್ಲ.

ಈ ಎರಡು ಉದಾಹರಣೆಗಳಿಂದ ತಿಳಿದುಬರುವುದೇನೆಂದರೆ, ಅಡ್ಡಿಯು ಬಹುಮಟ್ಟಿಗೆ ವ್ಯಕ್ತಿಯಲ್ಲಿಲ್ಲ, ಕೆಲಸದ ಏರ್ಪಾಟಿನಲ್ಲಿದೆ.

ಕಾನೂನಿನ ನಡೆ

ಈ ತಿಳಿವಳಿಕೆ ಕಾನೂನಿಗೆ ಬರಲು ಬಹುಕಾಲ ಹಿಡಿಯಿತು. ೧೯೯೫ರ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ ೩ರಷ್ಟು ಮೀಸಲಾತಿಯನ್ನು ಕೊಟ್ಟಿತು. ವಿಶ್ವಸಂಸ್ಥೆಯು ೨೦೦೬ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತವು ೨೦೦೭ರಲ್ಲಿ ಸ್ಥಿರೀಕರಿಸಿತು. ಅದಕ್ಕೆ ಅನುಗುಣವಾಗಿ ರಚಿತವಾದ ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ೨೦೧೭ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಮೀಸಲಾತಿಯನ್ನು ಶೇಕಡಾ ೪ಕ್ಕೆ ಏರಿಸಿತು. ಇವಕ್ಕಿಂತ ಮುಖ್ಯವಾದುದು 'ಸಮಂಜಸ ಹೊಂದಾಣಿಕೆ' ಎಂಬ ಕಲ್ಪನೆ. ಮಿತಿಮೀರಿದ ಹೊರೆಯಾಗದಂತೆ, ಒಬ್ಬ ವ್ಯಕ್ತಿಗೆ ಇತರರೊಡನೆ ಸಮಾನವಾಗಿ ದುಡಿಯಲು ಬೇಕಾದ ಮಾರ್ಪಾಡನ್ನು ಮಾಡಿಕೊಡುವುದು ಎಂಬುದು ಇದರ ತಾತ್ಪರ್ಯ.

ಐದಾರು ಮಂದಿ ಕೆಲಸಗಾರರುಳ್ಳ ಖಾಸಗಿ ನಿಲಯಕ್ಕೆ ಮೀಸಲಾತಿಯ ಕಟ್ಟಳೆ ತಾಕುವುದಿಲ್ಲ. ಆದರೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸುವ ಹೊಣೆಯನ್ನು ಅಧಿನಿಯಮವು ಪ್ರತಿಯೊಂದು ಸಂಸ್ಥೆಯ ಮೇಲೆಯೂ ಹೊರಿಸಿದೆ. ೨೦೨೪ರ ನವೆಂಬರಿನಲ್ಲಿ ರಾಜೀವ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರವೇಶಸೌಲಭ್ಯದ ಮಾನದಂಡಗಳು ಬರಿಯ ಶಿಫಾರಸುಗಳಾಗಿ ಉಳಿಯತಕ್ಕದ್ದಲ್ಲ, ಕಡ್ಡಾಯವಾದ ಕನಿಷ್ಠ ನಿಯಮಗಳನ್ನು ರಚಿಸತಕ್ಕದ್ದು ಎಂದು ವಿಧಿಸಿತು. ಆದುದರಿಂದ ಇದನ್ನು ಇನ್ನು ದಯೆಯ ವಿಷಯವೆಂದು ಭಾವಿಸುವಂತಿಲ್ಲ.

ಬೀದಿಯಿಂದ ಕೊಠಡಿಗೆ

ಈಗ ಪಶ್ಚಿಮ ಬೆಂಗಳೂರಿನ ಕಡೆಗೆ ತಿರುಗೋಣ. ರಾಜಾಜಿಯವರ ಹೆಸರನ್ನು ಹೊತ್ತ ರಾಜಾಜಿನಗರವು ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡಿತು. ವಿಜಯನಗರ, ಬಸವೇಶ್ವರನಗರಗಳು ಅದರ ನೆರೆಯಲ್ಲಿ ಬೆಳೆದವು. ಈ ಬಡಾವಣೆಗಳಲ್ಲಿ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನ ಬಹಳ ಸಾಮಾನ್ಯ. ಮಳೆನೀರು ಒಳನುಗ್ಗದಿರಲೆಂದು ಮನೆಯ ತಳಪಾಯವನ್ನು ರಸ್ತೆಗಿಂತ ಎತ್ತರಕ್ಕೆ ಕಟ್ಟುವುದು ರೂಢಿ. ಮೊದಲನೆಯ ಮಹಡಿಗೆ ಹೊರಗಿನಿಂದ ಕಡಿದಾದ ಮೆಟ್ಟಿಲು ಇರುತ್ತದೆ. ಬಾಡಿಗೆ ಕಡಮೆ ಮತ್ತು ಬೀದಿಯ ಸದ್ದು ಕಡಮೆ ಎಂಬ ಕಾರಣಗಳಿಂದ ಸಣ್ಣ ಕಚೇರಿಗಳೂ ಧ್ವನಿಮುದ್ರಣ ಕೊಠಡಿಗಳೂ ಮಹಡಿಯನ್ನೇ ಬಯಸುವುದು ಸ್ವಾಭಾವಿಕ.

ತಳಪಾಯವು ೨ ಅಡಿ ಎತ್ತರವಿದೆಯೆಂದು ಇಟ್ಟುಕೊಳ್ಳೋಣ. ಇಳಿಜಾರು ದಾರಿಗೆ ಸರ್ಕಾರದ ಮಾರ್ಗಸೂಚಿಗಳು ಹೇಳುವ ಪ್ರಮಾಣ ೧ಕ್ಕೆ ೧೨. ಎಂದರೆ ೨ ಅಡಿ ಏರಲು ೨೪ ಅಡಿ ಉದ್ದದ ಇಳಿಜಾರು ಬೇಕು. ಅದರ ಎರಡು ಕೊನೆಗಳಲ್ಲಿಯೂ ಗಾಲಿಕುರ್ಚಿ ತಿರುಗಲು ಸುಮಾರು ೫ ಅಡಿಯ ಸಮತಟ್ಟು ಬೇಕಾದುದರಿಂದ ಒಟ್ಟು ೩೪ ಅಡಿಯಾಗುತ್ತದೆ. ಮನೆಯ ಮುಂಭಾಗವಾದರೋ ೩೦ ಅಡಿ ಮಾತ್ರ. ಆದಕಾರಣ ಇಳಿಜಾರನ್ನು ನಡುವೆ ಮಡಿಸಬೇಕಾಗುತ್ತದೆ. ಇಲ್ಲವೆ ಪಕ್ಕದ ಓಣಿಯಲ್ಲಿ ತರಬೇಕಾಗುತ್ತದೆ. ಸ್ಕೂಟರ್ ಏರಿಸಲೆಂದು ಗೇಟಿನ ಬಳಿ ಹಾಕಿರುವ ಕಡಿದಾದ ಕಾಂಕ್ರೀಟಿನ ತುಂಡು ಗಾಲಿಕುರ್ಚಿಗೆ ಅಪಾಯಕರ. ಅದನ್ನು ಇಳಿಜಾರು ದಾರಿಯೆಂದು ಲೆಕ್ಕಕ್ಕೆ ಹಿಡಿಯಬಾರದು. ತಳಪಾಯ ೯ ಅಂಗುಲ ಮಾತ್ರವಿರುವ ಮನೆಗೆ ೯ ಅಡಿಯ ಇಳಿಜಾರು ಸಾಕು. ಆದುದರಿಂದ ಮನೆಯನ್ನು ಬಾಡಿಗೆಗೆ ಆರಿಸಿಕೊಳ್ಳುವ ದಿನವೇ ಅಳತೆಪಟ್ಟಿಯನ್ನು ಕೊಂಡೊಯ್ಯುವುದು ಎಲ್ಲಕ್ಕಿಂತ ಅಗ್ಗವಾದ ಸುಧಾರಣೆ.

ಈ ಪ್ರದೇಶಕ್ಕೆ ಒಂದು ಅನುಕೂಲವೂ ಒದಗಿದೆ. ರಾಜಾಜಿನಗರಕ್ಕೆ ೨೦೧೪ರಲ್ಲಿ, ವಿಜಯನಗರಕ್ಕೆ ೨೦೧೫ರಲ್ಲಿ, ಕೆಂಗೇರಿಗೆ ೨೦೨೧ರಲ್ಲಿ ಮೆಟ್ರೋ ಬಂದಿತು. ನಿಲ್ದಾಣಗಳಲ್ಲಿ ಲಿಫ್ಟುಗಳೂ ಅಂಧರು ಕಾಲಿನಿಂದ ಗುರುತಿಸಬಲ್ಲ ಗೆರೆಹಾಸುಗಳೂ ಇವೆ. ಆದರೆ ನಿಲ್ದಾಣದ ಮೆಟ್ಟಿಲಿನಿಂದ ನಿಲಯದ ಬಾಗಿಲಿನವರೆಗಿನ ದಾರಿ ಕಾಲುದಾರಿಯ ಸ್ಥಿತಿಯನ್ನು ಅವಲಂಬಿಸಿರುತ್ತದೆ. ನಿಲಯದ ಸ್ಥಳವನ್ನು ಆರಿಸುವಾಗ ಈ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ಕೊಠಡಿಯ ಒಳಗೆ

ಬಾನುಲಿ ಕೊಠಡಿಗೆ ತನ್ನದೇ ಆದ ಕೆಲವು ತೊಡಕುಗಳಿವೆ. ಹೊರಗಿನ ಸದ್ದನ್ನು ತಡೆಯಲೆಂದು ಬಾಗಿಲನ್ನು ದಪ್ಪವಾಗಿಯೂ ಭಾರವಾಗಿಯೂ ಮಾಡಿ, ಕೆಳಗೆ ಎತ್ತರದ ಹೊಸ್ತಿಲನ್ನು ಇಡುತ್ತಾರೆ. ನೆಲಕ್ಕೆ ದಪ್ಪ ಜಮಖಾನೆ ಹಾಸುತ್ತಾರೆ. ಇವೆಲ್ಲವೂ ಗಾಲಿಕುರ್ಚಿಗೂ ಊರುಗೋಲಿಗೂ ತಡೆಗಳೇ. ಬಾಗಿಲಿನ ತೆರಪು ಕನಿಷ್ಠ ೯೦೦ ಮಿಲಿಮೀಟರ್ ಇರಬೇಕು. ಹೊಸ್ತಿಲಿಗೆ ಬದಲು, ಬಾಗಿಲು ಮುಚ್ಚಿದಾಗ ಕೆಳಗಿಳಿದು ಸಂದನ್ನು ಮುಚ್ಚುವ ರಬ್ಬರಿನ ಪಟ್ಟಿಯನ್ನು ಅಳವಡಿಸಬಹುದು. ಜಮಖಾನೆಯ ಕೆಲಸವನ್ನು ಗೋಡೆಯ ಹೊದಿಕೆಯಿಂದ ಬಹುಮಟ್ಟಿಗೆ ಮಾಡಿಸಬಹುದು. ಒಳಗೆ ಗಾಲಿಕುರ್ಚಿ ತಿರುಗಲು ೧೫೦೦ ಮಿಲಿಮೀಟರ್ ವ್ಯಾಸದ ಜಾಗ ಬೇಕು. ಶೌಚಗೃಹಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಳಸಲಾಗದ ಶೌಚಗೃಹವಿರುವ ಕಚೇರಿಯಲ್ಲಿ ಯಾರೂ ಎಂಟು ಗಂಟೆ ದುಡಿಯಲಾರರು.

ಸೂಚನೆಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಉದ್ಘೋಷಕನಿಗೂ ನಿಯಂತ್ರಣ ಕೊಠಡಿಯವನಿಗೂ ನಡುವೆ ಗಾಜಿನ ಕಿಟಕಿಯಿರುತ್ತದೆ. 'ಆರಂಭಿಸಿ', 'ಮುಗಿಸಿ' ಎಂಬುದನ್ನು ಕೈಸನ್ನೆಯಿಂದಲೂ ಕೆಂಪು ದೀಪದಿಂದಲೂ ತಿಳಿಸುವುದು ವಾಡಿಕೆ. ಅಂಧ ಉದ್ಘೋಷಕನಿಗೆ ಇವೆರಡೂ ನಿರುಪಯೋಗ. ಅದೇ ಸೂಚನೆಯನ್ನು ಹೆಡ್‌ಫೋನಿನಲ್ಲಿ ಮೆಲುಮಾತಿನಿಂದಲೋ, ಬೆರಳಿಗೆ ತಾಕುವ ಸಣ್ಣ ಕಂಪನದಿಂದಲೋ ಕೊಡಬಹುದು. ಗಣಕದ ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಆತ ಬಳಸುವುದಾದರೆ, ಆ ಧ್ವನಿ ಪ್ರಸಾರದೊಳಗೆ ಬೆರೆಯದಂತೆ ಅದಕ್ಕೆ ಪ್ರತ್ಯೇಕವಾದ ಧ್ವನಿಮಾರ್ಗವನ್ನು ಕಲ್ಪಿಸಬೇಕು. ಒಂದು ಕಿವಿಗೆ ತಂತ್ರಾಂಶದ ಧ್ವನಿ, ಇನ್ನೊಂದು ಕಿವಿಗೆ ಪ್ರಸಾರದ ಧ್ವನಿ ಬರುವಂತೆ ಮಾಡಿಕೊಳ್ಳಬಹುದು. ೨೦೦೬ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಎನ್‌ವಿಡಿಎ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ.

ಕಿವುಡರಿಗೆ ಬಾನುಲಿಯಲ್ಲಿ ಏನು ಕೆಲಸವೆಂದು ಕೇಳುವವರಿದ್ದಾರೆ. ನಿಲಯವೆಂದರೆ ಮೈಕು ಮಾತ್ರವಲ್ಲ. ದಾಖಲೆಗಳ ಪಟ್ಟಿ, ಲೆಕ್ಕಪತ್ರ, ಛಾಯಾಚಿತ್ರ, ಕಾರ್ಯಕ್ರಮಗಳ ಬರಹರೂಪ, ಹೀಗೆ ಎಷ್ಟೋ ಕೆಲಸಗಳಿವೆ. ಕಿವುಡರ ಬದುಕನ್ನು ಕುರಿತ ಕಾರ್ಯಕ್ರಮವನ್ನು ಕಿವುಡರೇ ಯೋಜಿಸಿ, ಸಂಜ್ಞಾಭಾಷೆಯ ಅನುವಾದಕರ ಕಂಠದಿಂದ ನುಡಿಸಬಹುದು. ಸಭೆಯ ನಿರ್ಣಯಗಳನ್ನು ಬರೆದು ಕೊಡುವುದು, ಮಾತನಾಡುವವರ ಮುಖದ ಮೇಲೆ ಬೆಳಕು ಬೀಳುವಂತೆ ಕುರ್ಚಿಗಳನ್ನು ಇಡುವುದು, ಇಷ್ಟರಿಂದಲೇ ಅರ್ಧ ಕಷ್ಟ ನೀಗುತ್ತದೆ. ಬೆಂಕಿಯ ಎಚ್ಚರಿಕೆಯ ಗಂಟೆಯೊಡನೆ ಮಿನುಗುವ ದೀಪವೂ ಇರಬೇಕು. ಸದ್ದು ಒಳಬಾರದ ಕೊಠಡಿಯಲ್ಲಿ ಕುಳಿತ ಮೇಲೆ ಕಿವಿಯುಳ್ಳವನೂ ಕಿವುಡನೇ ಎಂಬುದನ್ನು ಇಲ್ಲಿ ನೆನೆಯಬಹುದು.

ಲಿಪಿಯ ತೊಡಕು

ಕನ್ನಡ ನಿಲಯಗಳಿಗೆ ವಿಶಿಷ್ಟವಾದ ಅಡ್ಡಿಯೊಂದಿದೆ. ಬಹುಕಾಲ ನಮ್ಮ ಕಚೇರಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ಹಳೆಯ ಫಾಂಟುಗಳಲ್ಲಿದೆ. ಕಣ್ಣಿಗೆ ಅದು ಕನ್ನಡ. ಓದುವ ತಂತ್ರಾಂಶಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ೧೯೯೧ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಬರಹವನ್ನು ಅದರಲ್ಲಿ ಸಿದ್ಧಪಡಿಸಿದರೆ ಅಂಧ ಉದ್ಘೋಷಕನು ಅದನ್ನು ತಾನೇ ಓದಿಕೊಳ್ಳಬಲ್ಲನು. ೧೯೫೧ರಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಲಿಪಿಗೂ ಸುಲಭವಾಗಿ ಪರಿವರ್ತಿಸಬಹುದು. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ. ಈ ಸುಧಾರಣೆಗೆ ಇಟ್ಟಿಗೆಯೂ ಬೇಡ, ಸಿಮೆಂಟೂ ಬೇಡ. ಅಭ್ಯಾಸದ ಬದಲಾವಣೆ ಸಾಕು.

ವಿಭಾಗಗಳು ಮಾಡಬಹುದಾದ ಕೆಲಸ

ಇತಿಹಾಸದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ವಿಶೇಷವಾದ ಆಸಕ್ತಿ ಇರಬೇಕಾಗಿದೆ. ಇಂದಿನ ಧ್ವನಿಮುದ್ರಣಗಳೇ ಮುಂದಿನ ಪೀಳಿಗೆಯ ಆಕರಗಳು. ಕೊಠಡಿಯನ್ನು ಪ್ರವೇಶಿಸಲಾರದವರ ಧ್ವನಿ ಆ ಆಕರಗಳಲ್ಲಿ ಇರುವುದಿಲ್ಲ. ಮುಂದಿನ ಚರಿತ್ರಕಾರನು ಆ ಮೌನವನ್ನು ಅವರಿಗೆ ಹೇಳುವುದೇನೂ ಇರಲಿಲ್ಲವೆಂದು ತಪ್ಪಾಗಿ ಓದುವ ಸಂಭವವುಂಟು.

ಪರವಾನಗಿ ಪಡೆದ ನಿಲಯಗಳಲ್ಲಿ ಅನೇಕವು ಕಾಲೇಜುಗಳ ಆಶ್ರಯದಲ್ಲಿಯೇ ಇವೆ. ನಿಲಯವಿಲ್ಲದ ಕಾಲೇಜಿನಲ್ಲಿಯೂ ಧ್ವನಿಮುದ್ರಣದ ಕೊಠಡಿಯೋ ಸಭಾಂಗಣವೋ ಇದ್ದೇ ಇರುತ್ತದೆ. ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಅಲ್ಲಿಯ ಐದು ಸಂಗತಿಗಳನ್ನು ದಾಖಲಿಸಬಹುದು: ಬೀದಿಯಿಂದ ಬಾಗಿಲಿಗೆ ಇರುವ ಏರು, ಬಾಗಿಲಿನ ತೆರಪು, ಒಳಗೆ ತಿರುಗಲು ಇರುವ ಜಾಗ, ಶೌಚಗೃಹದ ಅಳತೆ, ಬರಹಗಳು ಯಾವ ಸಂಕೇತದಲ್ಲಿವೆ ಎಂಬುದು. ಈ ಪಟ್ಟಿಯನ್ನು ವಿಕಲಚೇತನ ಸಹಪಾಠಿಗಳೊಡನೆ ಕುಳಿತು ಸಿದ್ಧಪಡಿಸುವುದು ಅವಶ್ಯ. ಅಳತೆಪಟ್ಟಿಗೆ ಸಿಕ್ಕದ ಅಡ್ಡಿಗಳನ್ನು ಬಲ್ಲವರು ಅವರೇ. ಹೀಗೆ ಸಿದ್ಧವಾದ ಪಟ್ಟಿಯಲ್ಲಿ ಹಣ ಬೇಡದ ಕೆಲಸಗಳನ್ನು ಆ ವರ್ಷವೇ ಮಾಡಿ ಮುಗಿಸಿ, ಉಳಿದವನ್ನು ಮುಂದಿನ ವರ್ಷದ ಆಯವ್ಯಯಕ್ಕೆ ಸೇರಿಸುವಂತೆ ಆಡಳಿತವರ್ಗವನ್ನು ಕೇಳಬಹುದು.